ಸಮವಸ್ತ್ರ ಕಳಚಿದ ಮೇಲೆ ಮುಯ್ಯಾಳು ಕಟ್ಟುವ ಬಗೆ

ನೌಕಾಪಡೆಯ ಇಲೆಕ್ಟ್ರಿಕಲ್ ವಿಭಾಗದಲ್ಲಿ ಹದಿನೈದು ವರ್ಷ ದುಡಿದು, ಮೂವತ್ತನಾಲ್ಕನೆಯ ವಯಸ್ಸಿಗೆ ನಾನು ಅಂಕೋಲೆಗೆ ಮರಳಿದೆ. ಮನೆಗೆ ಬಂದ ನೆಂಟರಲ್ಲಿ ಮುಕ್ಕಾಲು ಪಾಲು ಜನ ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಾದರೂ ಸೆಕ್ಯುರಿಟಿ ಕೆಲಸ ಗೊತ್ತಾಯಿತೇ?’ ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯಲ್ಲಿಯೇ ಮಾಜಿ ಸೈನಿಕರಿಗೆ ಆದ್ಯತೆಯ ಮಾತಿದೆ. ಆದರೆ ಹಡಗಿನ ಒಡಲಲ್ಲಿ ರಾತ್ರಿಯಿಡೀ ಜನರೇಟರ್ ಕಾದವನಿಗೆ ಗೇಟಿನ ಬಳಿಯ ಕುರ್ಚಿಯೊಂದೇ ಗತಿ ಎಂದು ಊರು ತೀರ್ಮಾನಿಸಿಬಿಟ್ಟರೆ ಮನಸ್ಸಿಗೆ ನೋವಾಗುತ್ತದೆ.

ಊರನ್ನು ದೂರಿ ಪ್ರಯೋಜನವಿಲ್ಲ. ನಮಗೆ ಏನು ಬರುತ್ತದೆ ಎಂದು ಊರಿಗೆ ತಿಳಿಯುವ ಅವಕಾಶವೇ ಬಂದಿರಲಿಲ್ಲ. ರಜೆಗೆ ಬಂದಾಗ ಮದುವೆ, ಮುಂಜಿ, ಬಂಡಿಹಬ್ಬ ಮುಗಿಸಿ ರೈಲು ಹತ್ತಿದವರು ನಾವು. ಆ ಹೊತ್ತಿಗೆ ನಮ್ಮ ಓರಗೆಯವರು ಅಂಗಡಿ ಹಾಕಿ, ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತು, ‘ಇವನನ್ನು ಕರೆಯಿರಿ, ಒಳ್ಳೆಯ ಕೆಲಸಗಾರ’ ಎಂದು ಒಬ್ಬರನ್ನೊಬ್ಬರು ಎತ್ತಿ ಹಿಡಿದು ಬೆಳೆದಿರುತ್ತಾರೆ. ನಮಗೆ ಕೊರತೆಯಾಗುವುದು ಕಸುಬಿನದಲ್ಲ, ಆ ಒಂದು ವಾಕ್ಯ ಹೇಳುವ ಜನರದು.

ಇನ್ನು ಮುಂದೆ ಈ ಕೊರತೆ ಇಪ್ಪತ್ತೆರಡು ಇಪ್ಪತ್ಮೂರರ ಹರೆಯದವರನ್ನೂ ಕಾಡಲಿದೆ. ಸೇನೆಗೆ ನಾಲ್ಕು ವರ್ಷದ ಮಟ್ಟಿಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್‌ನಲ್ಲಿ. ಆ ವರ್ಷದ ಕೊನೆಗೆ ತರಬೇತಿಗೆ ಸೇರಿದ ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆಗೆ ತುಂಬುತ್ತದೆ. ಯೋಜನೆಯ ಪ್ರಕಾರ ಪ್ರತಿ ತಂಡದಲ್ಲಿ ಕಾಯಂ ಸೇವೆಗೆ ಆಯ್ಕೆಯಾಗುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ. ಉಳಿದವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ; ಘೋಷಣೆಯ ಸಮಯದಲ್ಲಿ ಹೇಳಿದಂತೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಇದೆ. ನೌಕಾಪಡೆಯ ಮೊದಲ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು. ಅವರಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಹೆಸರು ಹೇಳುವ ಜನರನ್ನು ಸಂಪಾದಿಸುವುದಕ್ಕೆ ಈಗಿನವರು ‘ಬಿಸಿನೆಸ್ ನೆಟ್‌ವರ್ಕಿಂಗ್’ ಎನ್ನುತ್ತಾರೆ. ಹಾಗೆಂದರೆ ಸೂಟು ಹಾಕಿದವರ ಹೋಟೆಲ್ ಸಭೆ ಎಂದು ನಾನೂ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದ ಮೇಲೆ ಇದು ನಮ್ಮ ಮುಯ್ಯಾಳು ಎಂದು ಅರ್ಥವಾಯಿತು. ಘಟ್ಟದ ಮೇಲೆ ಕೆಲವರು ಮುರಿಯಾಳು ಎನ್ನುತ್ತಾರೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಡಿದ್ದು ನಮ್ಮ ಗದ್ದೆಗೆ ನೀವು. ಕೂಲಿಯ ದುಡ್ಡು ಕೈ ಬದಲಾಗುವುದಿಲ್ಲ, ಆದರೆ ಲೆಕ್ಕ ಪಕ್ಕಾ ಇರುತ್ತದೆ. ಮುಯ್ಯಿ ತೀರಿಸದವನ ಗದ್ದೆಗೆ ಮುಂದಿನ ಮಳೆಗಾಲ ಯಾರೂ ಇಳಿಯುವುದಿಲ್ಲ. ಅದೇ ಲೆಕ್ಕವನ್ನು ವ್ಯಾಪಾರದಲ್ಲಿ ಇಡುವುದು ಹೇಗೆ ಎಂಬುದನ್ನು, ನಾನು ಮಾಡಿದ ಕ್ರಮದಲ್ಲಿಯೇ ಹೇಳುತ್ತೇನೆ.

ಬಿಡುಗಡೆಗೆ ಆರು ತಿಂಗಳು ಇರುವಾಗ

ಮೊದಲ ಕೆಲಸ ಕಾಗದದ್ದು. ಮಾಡಿದ ಕೋರ್ಸ್‌ಗಳ ಪ್ರಮಾಣಪತ್ರ, ಕೌಶಲ ಪ್ರಮಾಣಪತ್ರ, ಸೇವಾ ದಾಖಲೆ ಎಲ್ಲವನ್ನೂ ಘಟಕದಲ್ಲಿ ಇರುವಾಗಲೇ ಪಡೆದು ಪ್ರತಿ ಮಾಡಿಸಿಕೊಳ್ಳಿ. ಹೊರಗೆ ಬಂದ ಮೇಲೆ ಒಂದು ಸಹಿಗಾಗಿ ವಿಶಾಖಪಟ್ಟಣಕ್ಕೋ ಮುಂಬೈಗೋ ಪತ್ರ ಬರೆಯುತ್ತ ಕೂರುವುದು ಬೇಸರದ ಕೆಲಸ.

ಎರಡನೆಯದು, ನಿಮ್ಮ ಕೆಲಸವನ್ನು ಊರಿನ ಮಾತಿಗೆ ತರುವುದು. ಟ್ರೇಡ್ ಹೆಸರು, ಹುದ್ದೆಯ ಹೆಸರು ಕುಮಟೆಯ ಹೋಟೆಲ್ ಮಾಲೀಕನಿಗೆ ಏನನ್ನೂ ಹೇಳುವುದಿಲ್ಲ. ಒಂದು ಹಾಳೆಯ ಎಡಕ್ಕೆ ಸೇವೆಯಲ್ಲಿ ಮಾಡಿದ ಕೆಲಸ, ಬಲಕ್ಕೆ ಅದರಿಂದ ಯಾರ ಯಾವ ತೊಂದರೆ ತಪ್ಪುತ್ತದೆ ಎಂದು ಬರೆಯಿರಿ. ನನ್ನ ಹಾಳೆಯ ಎಡಕ್ಕೆ ‘ಹಡಗಿನ ವಿದ್ಯುತ್ ಉತ್ಪಾದನೆ ಮತ್ತು ವಿತರಣೆ’ ಎಂದಿತ್ತು. ಬಲಕ್ಕೆ ಮೂರು ಸಲ ಹೊಡೆದು ಹಾಕಿ ಬರೆದದ್ದು: ‘ಕರೆಂಟು ಹೋದಾಗ ಜನರೇಟರ್ ಎದ್ದೇಳದಿದ್ದರೆ ಅದೇ ದಿನ ಎಬ್ಬಿಸಿಕೊಡುತ್ತೇನೆ.’ ಸ್ಟೋರ್ಸ್ ನೋಡಿಕೊಂಡವರು ‘ಗೋದಾಮಿನ ದಾಸ್ತಾನಿನಲ್ಲಿ ಸೋರಿಕೆ ಎಲ್ಲಿದೆ ಎಂದು ಹಿಡಿದುಕೊಡುತ್ತೇನೆ’ ಎನ್ನಬಹುದು. ಅಡುಗೆ ವಿಭಾಗದವರು ‘ಮುನ್ನೂರು ಜನರ ಊಟಕ್ಕೆ ಎಷ್ಟು ಸಾಮಾನು ಬೇಕು ಎಂದು ಕೆಜಿ ಲೆಕ್ಕದಲ್ಲಿ ಹೇಳುತ್ತೇನೆ’ ಎಂದರೆ ಕೇಟರಿಂಗ್‌ನವರು ತಿರುಗಿ ನೋಡುತ್ತಾರೆ.

ಕಾರವಾರದ ಕಡಲತೀರದಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ನಮ್ಮದೇ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯತ್ತ ಹೊರಟ ಟ್ಯಾಂಕುಗಳಿಗಾಗಿ ಗುಂಡಿನ ಸುರಿಮಳೆಯ ನಡುವೆ ಮೈನ್‌ಗಳನ್ನು ತೆಗೆದು, ಅಡ್ಡಲಾಗಿದ್ದ ಮರಗಳನ್ನು ಸರಿಸಿ ದಾರಿ ಮಾಡಿಕೊಟ್ಟದ್ದಕ್ಕೆ ಪರಮವೀರ ಚಕ್ರ ಪಡೆದವರು. ಎಂಜಿನಿಯರ್ ದಳದ ಆ ಅಧಿಕಾರಿಯ ಶೌರ್ಯ ಅವರ ಕಸುಬಿನಿಂದ ಬೇರೆಯಾಗಿರಲಿಲ್ಲ. ಸೈನಿಕನಿಗೆ ಬಂದೂಕು ಬಿಟ್ಟರೆ ಬೇರೇನು ಗೊತ್ತು ಎನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಪ್ರತಿಮೆ ನೆನಪಾಗುತ್ತದೆ.

ಮೂರನೆಯದು, ಹೊರಗಿನ ಪರವಾನಗಿ. ನೌಕಾಪಡೆಯ ಪ್ರಮಾಣಪತ್ರ ಹಿಡಿದು ಕರ್ನಾಟಕದಲ್ಲಿ ಕಟ್ಟಡದ ವೈರಿಂಗ್ ಗುತ್ತಿಗೆ ಮಾಡಲಾಗದು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಪ್ರತಿಯೊಂದು ಕಸುಬಿಗೂ ಇಂಥದ್ದೊಂದು ಇರುತ್ತದೆ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ 2020ರ ಜುಲೈನಿಂದ ಆನ್‌ಲೈನ್‌ನಲ್ಲಿದೆ, ಪೂರ್ತಿ ಉಚಿತ. ಮಾಡಿಸಿಕೊಡುತ್ತೇವೆಂದು ಸಾವಿರ ರೂಪಾಯಿ ಕೇಳುವವರಿಗೆ ಕೊಡಬೇಡಿ. ವ್ಯವಹಾರದ ಕಲಿಕೆಗೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಂಥ ಕಡೆ ಕೆಲವು ವಾರ ಕುಳಿತು ಬರುವುದು ಒಳ್ಳೆಯದು. ಅಲ್ಲಿ ಜೊತೆಗೆ ಕಲಿತವರೇ ನಿಮ್ಮ ಮೊದಲ ಮುಯ್ಯಾಳುಗಳಾಗಬಹುದು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾರವಾರದ ಕದಂಬ ನೌಕಾನೆಲೆ ನಮ್ಮ ಅಂಗಳದಲ್ಲಿದೆ. ಒಳಗಿನ ಪರಿಚಯ ಹಿಡಿದು ಟೆಂಡರ್ ಮಾಹಿತಿ ತರಿಸುವುದು, ನೆಲೆಯ ಫೋಟೊವನ್ನು ಪ್ರೊಫೈಲ್‌ಗೆ ಹಾಕುವುದು, ಹಡಗುಗಳ ಓಡಾಟದ ಬಗ್ಗೆ ಸಭೆಯಲ್ಲಿ ಮಾತಾಡುವುದು ಯಾವ ಕಾರಣಕ್ಕೂ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ನೀವು ಸಮವಸ್ತ್ರ ಕಳಚಿದ ದಿನ ಬಿಟ್ಟುಹೋಗುವುದಿಲ್ಲ. ಕೆಲಸ ಕೊಡುವ ನೆಪದಲ್ಲಿ ಇಂಥದ್ದನ್ನೇ ಕೆದಕುವ ಅಪರಿಚಿತ ಖಾತೆಗಳಿಗೆ ಉತ್ತರಿಸದೆ ಪೊಲೀಸರಿಗೆ ತಿಳಿಸಿ.

ಐವತ್ತು ಹೆಸರು

ಒಂದು ನೋಟ್‌ಬುಕ್ಕಿನಲ್ಲಿ ಐವತ್ತು ಹೆಸರು ಬರೆಯಿರಿ. ಶಾಲೆಯ ಗೆಳೆಯರು, ನೆಂಟರು, ಸೊಸೈಟಿಯ ಕಾರ್ಯದರ್ಶಿ, ನಿಮಗಿಂತ ಮೊದಲು ಸೇವೆ ಮುಗಿಸಿ ಬಂದವರು. ಪ್ರತಿ ಹೆಸರಿನ ಮುಂದೆ ಅವರು ದಿನವೂ ಯಾರನ್ನು ಭೇಟಿ ಮಾಡುತ್ತಾರೆ ಎಂದು ಬರೆಯಬೇಕು. ಅವರು ದೊಡ್ಡವರೋ ಸಣ್ಣವರೋ ಮುಖ್ಯವಲ್ಲ. ನನಗೆ ಮೊದಲ ವರ್ಷ ಹೆಚ್ಚು ಕೆಲಸ ತೋರಿಸಿಕೊಟ್ಟವರು ಡೀಸೆಲ್ ತಲುಪಿಸುವ ಒಬ್ಬ ಚಾಲಕ. ಯಾವ ಹೋಟೆಲಿನ ಜನರೇಟರ್ ಹೊಗೆ ಕಾರುತ್ತಿದೆ ಎಂದು ಮಾಲೀಕರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ಹೆಸರುಗಳು ಘಟ್ಟದ ಮೇಲೆಯೂ ಇರಲಿ, ಕೆಳಗೆಯೂ ಇರಲಿ. ಕಾರವಾರದ ದುಡಿಮೆ ಕೈಗಾದ ಅಣುವಿದ್ಯುತ್ ಸ್ಥಾವರ, ಬಿಣಗಾದ ಕಾರ್ಖಾನೆ, ನೌಕಾನೆಲೆ, ಸರ್ಕಾರಿ ಕಚೇರಿಗಳ ಸುತ್ತ. ಅಂಕೋಲೆಯಿಂದ ಭಟ್ಕಳದವರೆಗೆ ಮೀನು, ಐಸ್, ಸಿಗಡಿ, ಗೇರು, ಹೆದ್ದಾರಿ ಹೋಟೆಲು. ಗೋಕರ್ಣಕ್ಕೆ ಪ್ರವಾಸಿಗರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ, ಸಹಕಾರಿ ಸಂಘಗಳು, ಹೋಮ್‌ಸ್ಟೇ. ದಾಂಡೇಲಿಗೆ ಕಾಗದ ಕಾರ್ಖಾನೆ ಮತ್ತು ರೆಸಾರ್ಟುಗಳು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಜೀವಗಳು ಹೋದ ಆ ದುರಂತದ ಮುಂದೆ ವ್ಯಾಪಾರದ ಮಾತು ತೀರಾ ಸಣ್ಣದು. ಆದರೂ ಒಂದೇ ದಾರಿಯ, ಒಂದೇ ಊರಿನ ಗಿರಾಕಿಗಳನ್ನು ನಂಬಿ ಕೂರುವಂತಿಲ್ಲ ಎಂದು ಆ ಮಳೆಗಾಲ ಎಷ್ಟೋ ಜನರಿಗೆ ತಿಳಿಯಿತು.

ಯಾವ ಕೂಟ ಸೇರಬೇಕು

ಪರಿಚಯ ಬೆಳೆಸುವ ಕೂಟಗಳು ಹಲವು ಬಗೆ. ಅವುಗಳ ಸ್ವಭಾವ ತಿಳಿಯದೆ ಸೇರಿದರೆ ದುಡ್ಡೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಬಿಎನ್‌ಐ ಎಂಬುದು ವ್ಯಾಪಾರದ ಪರಿಚಯ ಕೊಟ್ಟುಕೊಳ್ಳುವುದಕ್ಕೆಂದೇ ಇರುವ ಸಂಸ್ಥೆ. ಅಮೆರಿಕದಲ್ಲಿ 1985ರಲ್ಲಿ ಐವಾನ್ ಮಿಸ್ನರ್ ಆರಂಭಿಸಿದ್ದು. ವಾರಕ್ಕೊಮ್ಮೆ ಸಭೆ, ಒಂದು ಶಾಖೆಯಲ್ಲಿ ಒಂದು ಕಸುಬಿಗೆ ಒಬ್ಬರೇ. ನೀವು ಸೋಲಾರ್‌ನವರಾಗಿ ಸೇರಿದರೆ ಆ ಶಾಖೆಯಲ್ಲಿ ಇನ್ನೊಬ್ಬ ಸೋಲಾರ್‌ನವರಿಗೆ ಜಾಗವಿಲ್ಲ. ಯಾರು ಯಾರಿಗೆ ಎಷ್ಟು ಪರಿಚಯ ಕೊಟ್ಟರು, ಅದರಲ್ಲಿ ಎಷ್ಟು ವ್ಯವಹಾರ ಆಯಿತು ಎಂದು ಬರೆದಿಡುತ್ತಾರೆ. ಬರಲಾಗದ ವಾರ ಬದಲಿಯನ್ನು ಕಳಿಸಬೇಕು. ಹಾಜರಿ, ಸಮಯ, ಲೆಕ್ಕ: ಸೇನೆಯಿಂದ ಬಂದವರಿಗೆ ಈ ಶಿಸ್ತು ನೀರು ಕುಡಿದಷ್ಟು ಸಲೀಸು. ಸದಸ್ಯತ್ವದ ಶುಲ್ಕ ಮಾತ್ರ ಹೊಸಬರಿಗೆ ಭಾರ. ಅತಿಥಿಯಾಗಿ ಹೋಗಿ ನೋಡಿ, ಒಂದು ವರ್ಷದ ಒಟ್ಟು ಖರ್ಚನ್ನು ಊಟ, ಓಡಾಟ ಸೇರಿಸಿ ಕೇಳಿ. ಅಷ್ಟು ಹಣ ಮರಳಿ ಬರಲು ನಿಮಗೆ ಎಷ್ಟು ಕೆಲಸ ಬೇಕು ಎಂದು ಲೆಕ್ಕ ಹಾಕಿದ ಮೇಲೆಯೇ ಸಹಿ ಹಾಕಿ.

ರೋಟರಿಯ ಬೇರು ಬೇರೆ. 1905ರಲ್ಲಿ ಷಿಕಾಗೊದ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರಿಂದ ಆ ಹೆಸರು. ಒಂದೊಂದು ಕಸುಬಿನಿಂದ ಒಬ್ಬರು ಎಂಬ ಪದ್ಧತಿ ಅಲ್ಲಿಂದಲೇ ಬಂದದ್ದು. ಈಗ ಅದು ಸೇವಾ ಸಂಸ್ಥೆ. ಲಯನ್ಸ್ ಕೂಡ ಹಾಗೆಯೇ. ಇಲ್ಲಿ ಮೊದಲ ದಿನವೇ ಕಾರ್ಡು ಹಂಚಿದರೆ ಜನ ದೂರ ಸರಿಯುತ್ತಾರೆ. ರಕ್ತದಾನ ಶಿಬಿರಕ್ಕೆ ಕುರ್ಚಿ ಹಾಕಿ, ಬೀಚ್ ಸ್ವಚ್ಛತೆಗೆ ಬೆಳಗ್ಗೆ ಆರಕ್ಕೇ ಬಂದು ನಿಲ್ಲಿ. ಆರು ತಿಂಗಳಾದ ಮೇಲೆ ಅವರೇ ‘ನಿಮ್ಮ ಉದ್ಯೋಗ ಏನು?’ ಎಂದು ಕೇಳುತ್ತಾರೆ. ಹದಿನೆಂಟರಿಂದ ನಲವತ್ತರ ಒಳಗಿನವರಿಗೆ ಜೆಸಿಐ ಎಂಬ ಯುವಜನರ ಸಂಘಟನೆ ಇದೆ. ಸಭೆಯಲ್ಲಿ ಮಾತಾಡುವ ತರಬೇತಿ ಅಲ್ಲಿ ಸಿಗುವಷ್ಟು ಬೇರೆಡೆ ಸಿಗದು. ಆದೇಶ ಕೊಟ್ಟು ಪಡೆದು ಅಭ್ಯಾಸವಾಗಿ, ನಯವಾಗಿ ಒಪ್ಪಿಸುವ ಮಾತು ಮರೆತಿರುವ ನಮ್ಮಂಥವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಕೂಟವೇ ಇಲ್ಲದ ಊರಿನಲ್ಲಿ ಎಂಟು ಜನ

ನಮ್ಮ ಸಣ್ಣ ಊರುಗಳಲ್ಲಿ ವಾರದ ವ್ಯಾಪಾರ ಸಭೆಗೆಂದು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವುದು ಆಗದ ಮಾತು. ಹಾಗಾಗಿ ನಾನು ಎಂಟು ಜನರ ಕೂಟವನ್ನು ಊರಿನಲ್ಲಿಯೇ ಕಟ್ಟಿದೆ. ಇದಕ್ಕೆ ಯಾರ ಅನುಮತಿಯೂ ಬೇಡ, ಶುಲ್ಕವೂ ಬೇಡ.

ಎಂಟು ಕಸುಬು, ಒಂದೂ ಎರಡು ಸಲ ಬರಬಾರದು. ನಮ್ಮದರಲ್ಲಿ ಫ್ರಿಜ್ ಮತ್ತು ಕೂಲಿಂಗ್ ಮೆಕ್ಯಾನಿಕ್, ಲೆಕ್ಕಪತ್ರ ನೋಡುವವರು, ಫ್ಯಾಬ್ರಿಕೇಶನ್‌ನವರು, ಹೋಮ್‌ಸ್ಟೇ ನಡೆಸುವ ಮಹಿಳೆ, ಸಾಗಾಟದ ವಾಹನದವರು, ಪ್ರಿಂಟಿಂಗ್‌ನವರು, ಪಂಪ್‌ಸೆಟ್ ಅಂಗಡಿಯವರು ಮತ್ತು ಜನರೇಟರ್‌ನ ನಾನು ಇದ್ದೇವೆ. ಆರಿಸುವಾಗ ನೋಡಬೇಕಾದದ್ದು ಒಂದೇ: ಒಬ್ಬರ ಗಿರಾಕಿ ಇನ್ನೊಬ್ಬರಿಗೂ ಗಿರಾಕಿಯಾಗುವಂತಿರಬೇಕು. ಹೋಟೆಲ್ ಕಟ್ಟುವವನಿಗೆ ನಮ್ಮಲ್ಲಿ ಆರು ಜನ ಬೇಕಾಗುತ್ತಾರೆ. ಎಂಟೂ ಜನ ಮಾಜಿ ಸೈನಿಕರೇ ಇರುವ ಕೂಟ ಮಾತ್ರ ಬೇಡ. ನೆನಪುಗಳಲ್ಲಿ ಬೆಳಗು ಕಳೆಯುತ್ತದೆ, ಹೊಸ ಬಾಗಿಲು ತೆರೆಯುವುದಿಲ್ಲ. ಹಳೆಯ ಸಂಗಾತಿಗಳಿಗೆ ಬೇರೆ ದಿನ ಇಡಿ.

ಸಭೆ ಗುರುವಾರ ಬೆಳಗ್ಗೆ ಏಳಕ್ಕೆ, ಎಂಟಕ್ಕೆ ಮುಗಿಯಬೇಕು. ಮೊದಲ ಹತ್ತು ನಿಮಿಷ ಒಬ್ಬೊಬ್ಬರೂ ಒಂದೊಂದು ನಿಮಿಷ ತಮ್ಮ ಕೆಲಸ ಹಾಗೂ ಈ ವಾರ ಯಾರ ಪರಿಚಯ ಬೇಕು ಎಂದು ಹೇಳುತ್ತಾರೆ. ನಂತರ ಒಬ್ಬರಿಗೆ ಸರದಿಯಂತೆ ಹದಿನೈದು ನಿಮಿಷ. ತಮ್ಮ ಕಸುಬನ್ನು ಬಿಚ್ಚಿ ತೋರಿಸಬೇಕು. ಆಮೇಲೆ ಪರಿಚಯ ಕೊಡುವ ಸುತ್ತು, ಅದಾದ ಮೇಲೆ ಕಳೆದ ವಾರದ ಪರಿಚಯಗಳು ಏನಾದವು ಎಂಬ ವರದಿ. ಉಳಿದ ಸಮಯ ಚಹಾಕ್ಕೆ, ಅವಲಕ್ಕಿಗೆ. ಸತತ ಮೂರು ವಾರ ಬಾರದವರ ಜಾಗ ಖಾಲಿ ಎಂದು ಮೊದಲ ದಿನವೇ ಹೇಳಿರಬೇಕು. ಹೇಳದೆ ಇದ್ದುದರಿಂದ ನಮ್ಮ ಮೊದಲ ಪ್ರಯತ್ನ ನಾಲ್ಕು ತಿಂಗಳಿಗೇ ಕರಗಿತು, ಎರಡನೆಯದು ನಿಂತಿದೆ.

ಪುಸ್ತಕವೊಂದು ಬೇಕು. ಹಡಗಿನಲ್ಲಿ ವಾಚ್, ಅಂದರೆ ಕಾವಲಿನ ಪಾಳಿ, ಬದಲಾಗುವಾಗ ಲಾಗ್ ಬುಕ್ ಬರೆಯದೆ ಯಾರೂ ಎಂಜಿನ್ ಕೋಣೆ ಬಿಡುವುದಿಲ್ಲವಲ್ಲ, ಹಾಗೆ. ದಿನಾಂಕ, ಕೊಟ್ಟವರು, ಪಡೆದವರು, ಗಿರಾಕಿ, ಏನಾಯಿತು, ಎಷ್ಟು ರೂಪಾಯಿಯ ಕೆಲಸ: ಇಷ್ಟು ಕಾಲಂ ಸಾಕು. ವಾಟ್ಸ್‌ಆ್ಯಪ್ ಗುಂಪು ಇದಕ್ಕೆ ಬದಲಿಯಲ್ಲ. ಶುಭೋದಯದ ಹೂಗಳ ಕೆಳಗೆ ಲೆಕ್ಕ ಹೂತುಹೋಗುತ್ತದೆ.

ಒಂದು ನಿಮಿಷದ ಪೀಠಿಕೆ

ವೇಷವಿಲ್ಲದೆ ಮಾತಿನಲ್ಲಿಯೇ ಯಕ್ಷಗಾನ ನಡೆಸುವ ತಾಳಮದ್ದಳೆ ಕೇಳಿ ಬೆಳೆದ ಜಿಲ್ಲೆಯವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಪೀಠಿಕೆಯಲ್ಲಿಯೇ ತಾನು ಯಾರು, ಈಗ ಯಾವ ಇಕ್ಕಟ್ಟಿನಲ್ಲಿದ್ದೇನೆ, ಯಾಕೆ ಇಲ್ಲಿಗೆ ಬಂದೆ ಎಂಬುದನ್ನು ಕೇಳುವವರ ಮನಸ್ಸಿನಲ್ಲಿ ನಿಲ್ಲಿಸುತ್ತಾನೆ. ವಂಶಾವಳಿಯನ್ನೇ ಓದುತ್ತ ಕೂತರೆ ಭಾಗವತರು ಪದ ಎತ್ತಿಬಿಡುತ್ತಾರೆ.

ನಾನು ಮೊದಲ ಸಭೆಯಲ್ಲಿ ಓದಿದ್ದು ವಂಶಾವಳಿಯನ್ನೇ. ಯಾವ ಹಡಗು, ಯಾವ ಬಂದರು, ಎಷ್ಟು ವರ್ಷ. ಎಲ್ಲರೂ ಚಪ್ಪಾಳೆ ತಟ್ಟಿದರು, ಗೌರವದಿಂದ ಕೈಕುಲುಕಿದರು. ಕೆಲಸ ಒಂದೂ ಬರಲಿಲ್ಲ. ತಪ್ಪು ಅವರದಲ್ಲ, ಯಾವ ಕೆಲಸಕ್ಕೆ ನನ್ನನ್ನು ಕರೆಯಬೇಕು ಎಂದು ನಾನು ಹೇಳಿಯೇ ಇರಲಿಲ್ಲ. ಎರಡು ತಿಂಗಳ ನಂತರ ಹೇಳಿದ್ದು ಹೀಗೆ:

‘ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರ್ ಹತ್ತದೆ ಹೋದರೆ ಕೋಲ್ಡ್ ಸ್ಟೋರೇಜಿನ ಮೀನು ಹಾಳಾಗುತ್ತದೆ. ಸಾಮಾನ್ಯವಾಗಿ ಕೆಟ್ಟಿರುವುದು ಎಂಜಿನ್ ಅಲ್ಲ, ಬ್ಯಾಟರಿ ಮತ್ತು ಅದರ ಚಾರ್ಜರ್. ಮೇ ತಿಂಗಳಲ್ಲಿ ಒಂದು ಗಂಟೆ ಕೊಟ್ಟರೆ ಅದನ್ನು ಪರೀಕ್ಷಿಸಿ ಬರೆದುಕೊಡುತ್ತೇನೆ. ಈ ವಾರ ನನಗೆ ಹೊನ್ನಾವರದ ಕಡೆ ಕೋಲ್ಡ್ ಸ್ಟೋರೇಜ್ ಇರುವ ಒಬ್ಬರ ಪರಿಚಯ ಬೇಕು.’

ಅದೇ ಬೆಳಗ್ಗೆ ಇಬ್ಬರು ಫೋನ್ ತೆಗೆದರು. ‘ಯಾರಾದರೂ ಇದ್ದರೆ ಹೇಳಿ’ ಎಂದರೆ ಯಾರ ಮುಖವೂ ನೆನಪಾಗುವುದಿಲ್ಲ; ‘ಹೊನ್ನಾವರದ ಕೋಲ್ಡ್ ಸ್ಟೋರೇಜ್’ ಎಂದರೆ ತಟ್ಟನೆ ಒಂದು ಮುಖ ಕಣ್ಣ ಮುಂದೆ ಬರುತ್ತದೆ. ನಿಮ್ಮ ಸೇವೆಯ ವಿಷಯವನ್ನು ಕೊನೆಯ ಒಂದು ವಾಕ್ಯಕ್ಕೆ ಇಟ್ಟುಕೊಳ್ಳಿ, ಅದು ಅಲ್ಲಿ ನಂಬಿಕೆಯ ಮುದ್ರೆಯಾಗಿ ಕೂರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಕಾರವಾರದಲ್ಲಿ ನಾಲ್ಕು ಕೊಂಕಣಿ ಮಾತು ಬಂದರೆ ಅಂಗಡಿಯ ಒಳಗಿನ ಕುರ್ಚಿ ಸಿಗುತ್ತದೆ. ಸೇನೆಯಲ್ಲಿ ಕಲಿತ ಹಿಂದಿಯನ್ನು ಅಲ್ಲಗಳೆಯಬೇಡಿ, ಹೊರರಾಜ್ಯದ ಗುತ್ತಿಗೆದಾರರ ಸೂಪರ್‌ವೈಸರ್‌ಗಳೊಂದಿಗೆ ಅದು ದೊಡ್ಡ ಬಂಡವಾಳ.

ಅವರ ಕಸುಬಿನ ಜಾಗಕ್ಕೆ ಹೋಗಿ

ಸಭೆಯಲ್ಲಿ ಪರಿಚಯವಾಗುತ್ತದೆ, ನಂಬಿಕೆ ಬರುವುದು ಇಬ್ಬರೇ ಕೂತಾಗ. ಎಂಟು ಜನರಲ್ಲಿ ಪ್ರತಿಯೊಬ್ಬರ ಕೆಲಸದ ಜಾಗಕ್ಕೂ ಒಮ್ಮೆ ಹೋಗಿ ಒಂದು ಗಂಟೆ ಕಳೆಯಿರಿ. ಇದನ್ನು ಬಿಟ್ಟವರ ಕೂಟ ಬರೀ ಚಹಾಕೂಟವಾಗಿ ಉಳಿಯುತ್ತದೆ.

ನಮ್ಮ ಕೂಲಿಂಗ್ ಮೆಕ್ಯಾನಿಕ್‌ನೊಂದಿಗೆ ನಾನು ಬಂದರಿನ ಹತ್ತಿರದ ಐಸ್ ಪ್ಲಾಂಟಿಗೆ ಹೋಗಿದ್ದೆ. ಅಮೋನಿಯದ ಘಾಟು ಬಾಗಿಲಲ್ಲಿಯೇ ಮೂಗಿಗೆ ಹೊಡೆಯಿತು. ಉಪ್ಪುನೀರಿನ ತೊಟ್ಟಿಯಿಂದ ಕ್ರೇನ್ ಒಂದು ಸಾಲು ಡಬ್ಬಿಗಳನ್ನು ಎತ್ತಿ, ಸಾದಾ ನೀರಿನಲ್ಲಿ ಒಮ್ಮೆ ಮುಳುಗಿಸಿ, ಓರೆ ಮಾಡಿತು. ಐಸಿನ ಹಲಗೆಗಳು ಸದ್ದು ಮಾಡುತ್ತ ಜಾರಿ ಬಂದವು. ಆತ ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟಾರ್ಚ್ ಹಿಡಿದು ತೋರಿಸಿದ. ಅಂಚೆಲ್ಲ ಗಾಜಿನಂತೆ ತಿಳಿ, ನಡುವೆ ಬೆರಳಗಲದ ಬಿಳಿ ಗೆರೆ. ‘ಈ ಬಿಳಿ ಇಷ್ಟೇ ಇದ್ದರೆ ಸರಿ. ಅಂಗೈಯಗಲ ಆದರೆ ಡಬ್ಬಿಗೆ ಗಾಳಿ ಊದುವ ಕೊಳವೆ ಕಟ್ಟಿಕೊಂಡಿದೆ ಎಂದು ಅರ್ಥ. ಅದನ್ನು ಹೊರಗಿನಿಂದಲೇ ಹೇಳಬಹುದು’ ಎಂದ. ಅಷ್ಟೇ ಪಾಠ.

ಮೂರು ವಾರದ ನಂತರ ಜನರೇಟರ್ ನೋಡಲು ಇನ್ನೊಂದು ಐಸ್ ಪ್ಲಾಂಟಿಗೆ ಹೋದಾಗ ಅಲ್ಲಿನ ಹಲಗೆಗಳ ಹೊಟ್ಟೆ ಪೂರ್ತಿ ಬೆಳ್ಳಗಿತ್ತು. ಮಾಲೀಕರಿಗೆ ಕಾರಣ ಹೇಳಿದೆ. ‘ನಿಮಗೆ ಇದೂ ಬರುತ್ತದೆಯೇ?’ ಎಂದರು. ‘ನನಗೆ ಬರುವುದಿಲ್ಲ, ಬರುವವರು ಗೊತ್ತು’ ಎಂದು ಅಲ್ಲಿಂದಲೇ ಫೋನ್ ಹಚ್ಚಿದೆ. ಆ ವರ್ಷ ನನಗೆ ಬಂದ ಕೆಲಸಗಳಲ್ಲಿ ಅರ್ಧದಷ್ಟು ಆ ಮೆಕ್ಯಾನಿಕ್‌ನ ಬಾಯಿಂದ ಬಂದವು.

ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ನಿಮಗೆ ಎಂಥ ಗಿರಾಕಿ ಇಷ್ಟ? ಎಂಥವರು ಬೇಡ? ನಿಮ್ಮ ಕೆಲಸ ಯಾರಿಗೆ ಬೇಕಾಗಿದೆ ಎಂದು ನಾನು ಹೊರಗಿನಿಂದ ಗುರುತಿಸುವುದು ಹೇಗೆ? ಮೂರನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಬರೆದಿಟ್ಟುಕೊಳ್ಳಿ. ಶಿರಸಿಯ ಕಡೆ ಹೋದರೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಮುಂದೆ ಬರುವವರೆಗೆ ವ್ಯವಹಾರ ಎತ್ತಬೇಡಿ. ಅಲ್ಲಿ ಮೊದಲು ತೋಟದ, ಮಳೆಯ, ಕೊಳೆರೋಗದ ಮಾತಾಗಬೇಕು. ಅವಸರದವನಿಗೆ ಅಲ್ಲಿ ಮನ್ನಣೆಯಿಲ್ಲ.

ಪರಿಚಯ ಕೊಡುವ ಕ್ರಮ

ಬರೀ ಮೊಬೈಲ್ ನಂಬರ್ ಕಳಿಸುವುದು ಪರಿಚಯವಲ್ಲ. ಮೊದಲು ಗಿರಾಕಿಯನ್ನು ಕೇಳಿ: ‘ನನಗೆ ಗೊತ್ತಿರುವವರೊಬ್ಬರಿದ್ದಾರೆ, ಅವರಿಂದ ಫೋನ್ ಮಾಡಿಸಲೇ?’ ಒಪ್ಪಿದರೆ ಮಾತ್ರ ನಿಮ್ಮವರಿಗೆ ಗಿರಾಕಿಯ ಹೆಸರು, ಊರು, ತೊಂದರೆ, ಫೋನ್ ಮಾಡಬೇಕಾದ ಹೊತ್ತು ಹೇಳಿ. ಪಡೆದವರು ಇಪ್ಪತ್ನಾಲ್ಕು ಗಂಟೆಯೊಳಗೆ ಫೋನ್ ಮಾಡಲೇಬೇಕು. ಕೆಲಸ ಆಗಲಿ ಬಿಡಲಿ, ಕೊಟ್ಟವರಿಗೆ ಒಂದು ಸಾಲಿನ ಸುದ್ದಿ ಮುಟ್ಟಿಸಬೇಕು. ನನಗೆ ಅತ್ಯಂತ ಬೇಸರ ತರುವುದು ಈ ಕೊನೆಯ ಸಾಲು ಬಾರದೆ ಇರುವುದು. ಗಿರಾಕಿ ದಾರಿಯಲ್ಲಿ ಸಿಕ್ಕಿ ‘ನೀವು ಹೇಳಿದವರು ಬರಲೇ ಇಲ್ಲ’ ಎಂದಾಗ ಹೋಗುವುದು ಹೇಳಿದವನ ಮಾನ.

ಕೆಲಸವನ್ನು ಕಣ್ಣಾರೆ ನೋಡದವರ ಹೆಸರು ಕೊಡಬೇಡಿ. ನೆಂಟರೆಂದು, ಜಾತಿಯವರೆಂದು, ಹಳೆಯ ಬ್ಯಾಚಿನವರೆಂದು ಕೊಡಬೇಡಿ. ಕಮಿಷನ್ ಕೇಳಬೇಡಿ, ಕೇಳಿದ ದಿನ ಮುಯ್ಯಾಳು ದಲ್ಲಾಳಿಯಾಗುತ್ತಾನೆ. ಮೊದಲ ಮೂರು ತಿಂಗಳು ಕೊಡುತ್ತಲೇ ಇರಿ. ಆರು ತಿಂಗಳಾದರೂ ಪುಸ್ತಕದಲ್ಲಿ ನಿಮ್ಮ ‘ಪಡೆದವರು’ ಕಾಲಂ ಖಾಲಿಯಿದ್ದರೆ ಕೂತು ಮಾತಾಡಿ. ನಿಮ್ಮ ಪೀಠಿಕೆ ಅಸ್ಪಷ್ಟವಾಗಿರಬಹುದು, ಇಲ್ಲವೇ ಆ ಕೂಟ ನಿಮ್ಮ ಕಸುಬಿಗೆ ಹೊಂದದಿರಬಹುದು.

ಬೆಲೆ ಹೇಳುವಾಗ

ತಿಂಗಳ ಮೊದಲ ದಿನ ಸಂಬಳ ಬಂದು ಅಭ್ಯಾಸವಾದವರಿಗೆ ದುಡ್ಡು ಕೇಳುವುದು ಬಹಳ ಕಷ್ಟ. ನಾನು ಆರಂಭದಲ್ಲಿ ‘ನೀವೇ ನೋಡಿ ಕೊಡಿ’ ಎನ್ನುತ್ತಿದ್ದೆ. ಒಬ್ಬ ಗುತ್ತಿಗೆದಾರ ಹಾಗೆಯೇ ನೋಡುತ್ತ ಹನ್ನೊಂದು ತಿಂಗಳು ಕಳೆದು, ಕೊನೆಗೂ ಪೂರ್ತಿ ಕೊಡಲಿಲ್ಲ. ಅಲ್ಲಿಂದೀಚೆಗೆ ಯಾರೇ ಆಗಲಿ, ಕೆಲಸದ ವಿವರ, ಮೊತ್ತ, ಮುಂಗಡ, ಬಾಕಿ ಕೊಡುವ ದಿನಾಂಕ ಬರೆದು ಸಹಿ ಪಡೆಯುತ್ತೇನೆ. ಕೂಟದವರ ಪರಿಚಯದಿಂದ ಬಂದ ಗಿರಾಕಿಯಾದರೆ ಇನ್ನೂ ಕಟ್ಟುನಿಟ್ಟು, ಏಕೆಂದರೆ ಅಲ್ಲಿ ಜಗಳವಾದರೆ ಮೂವರ ಸಂಬಂಧ ಕೆಡುತ್ತದೆ. ದೇಶಸೇವೆ ಮಾಡಿದವನು ಲಾಭ ಕೇಳಬಾರದು ಎಂಬ ಅಳುಕು ಒಳಗಿದ್ದರೆ ಅದನ್ನು ಬಿಡಿ. ನಿಮ್ಮ ಮನೆಯಲ್ಲೂ ಒಲೆ ಉರಿಯಬೇಕು.

ಸೇವಾ ನಿಧಿಯಾಗಲಿ, ನಿವೃತ್ತಿಯ ಮೊತ್ತವಾಗಲಿ, ಇಡಿಯಾಗಿ ವ್ಯವಹಾರಕ್ಕೆ ಹಾಕಬೇಡಿ. ಒಂದು ವರ್ಷದ ಮನೆಖರ್ಚನ್ನು ಬೇರೆ ಠೇವಣಿಯಲ್ಲಿಟ್ಟು ಮರೆತುಬಿಡಿ. ಬಂಡವಾಳಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಿದೆ: ಸೇವಾ ಘಟಕಕ್ಕೆ 20 ಲಕ್ಷ, ಉತ್ಪಾದನಾ ಘಟಕಕ್ಕೆ 50 ಲಕ್ಷ ರೂಪಾಯಿಯವರೆಗಿನ ಯೋಜನೆಗಳಿಗೆ ಸಾಲ, ಸಹಾಯಧನ. ಮಾಜಿ ಸೈನಿಕರು ಅದರ ವಿಶೇಷ ವರ್ಗದಲ್ಲಿ ಬರುತ್ತಾರೆ, ಗ್ರಾಮೀಣ ಭಾಗದಲ್ಲಿ ಶೇ 35ರಷ್ಟು ಸಹಾಯಧನ. ಅಗ್ನಿಪಥದಲ್ಲಿ ಸೇವೆ ಮಾಡಿ ಬಂದ ಅಗ್ನಿವೀರರು ಮಾಜಿ ಸೈನಿಕರೆಂದು ಅರ್ಜಿ ತುಂಬಬಾರದು. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಆ ಆಧಾರದ ಮೇಲೆಯೇ ವಿಶೇಷ ವರ್ಗಕ್ಕೆ ಸೇರುತ್ತಾರೆ.

ನಿಮ್ಮ ಕೈಯಲ್ಲಿ ಮೊತ್ತ ಇದೆ ಎಂಬ ಸುದ್ದಿ ನೀವು ಊರಿಗೆ ಬರುವ ಮೊದಲೇ ಬಂದಿರುತ್ತದೆ. ಹೋಟೆಲ್ ಹಾಲ್‌ನಲ್ಲಿ ‘ನೆಟ್‌ವರ್ಕ್’ ಎಂದು ಕರೆದು, ಇಷ್ಟು ಕಟ್ಟಿ, ನಾಲ್ಕು ಜನರನ್ನು ಸೇರಿಸಿ, ಅವರು ಸೇರಿಸಿದವರಿಂದಲೂ ನಿಮಗೆ ಹಣ ಎನ್ನುವವರು ಬರುತ್ತಾರೆ. ಜನರನ್ನು ಸೇರಿಸುವುದರಿಂದಲೇ ಹಣ ಬರುವ ಹಣ ಚಲಾವಣೆ ಯೋಜನೆಗಳು 1978ರ ಕಾಯ್ದೆಯಡಿ ಅಪರಾಧ. ಅಂಥವರು ನಿಮ್ಮನ್ನು ಬಯಸುವುದು ನಿಮ್ಮ ಊರಿನವರು ಸೈನಿಕನ ಮಾತು ನಂಬುತ್ತಾರೆ ಎಂಬ ಕಾರಣಕ್ಕೆ. ಹಾಲ್‌ನಿಂದ ಎದ್ದು ಬನ್ನಿ, ಹೊರಗೆ ಬಂದು ನಾಲ್ಕು ಜನರಿಗೆ ಹೇಳಿ.

ಕಡಲು, ತೋಟಗಳ ಕ್ಯಾಲೆಂಡರ್

ಕಸುಬಿನ ಪರಿಚಯಕ್ಕೂ ಹಂಗಾಮು ಇದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆ ಅರವತ್ತೊಂದು ದಿನ ದೋಣಿಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ, ರಿಪೇರಿಗೆ ಅದೇ ಕಾಲ. ಆದರೆ ಯಾರಿಗೆ ಕೆಲಸ ಕೊಡಬೇಕು ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಶಿರಸಿ ಕಡೆಯವರು ಅಡಿಕೆ ಕೊಯ್ಲಿನಲ್ಲಿ ಮುಳುಗಿರುವಾಗ ಹೋಗಿ ಯಂತ್ರ ಮಾರಲು ನಿಲ್ಲಬೇಡಿ. ಅಡಿಕೆ ಮಾರಿ ಕೈಗೆ ಹಣ ಬಂದು, ಮಳೆಗಾಲದ ತಯಾರಿ ಶುರುವಾಗುವ ಹೊತ್ತಿಗೆ ಹೋಗಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಪೆಂಡಾಲ್, ವಿದ್ಯುತ್, ಊಟ, ಸಾಗಾಟದವರಿಗೆಲ್ಲ ಕೈತುಂಬ ಕೆಲಸ. ಅಲ್ಲಿ ಒಂದು ವಾರ ಸಹಾಯಕರಾಗಿ ದುಡಿದರೂ ಒಂದು ವರ್ಷದ ಪರಿಚಯ ಸಿಗುತ್ತದೆ. ಹೋಮ್‌ಸ್ಟೇ, ರೆಸಾರ್ಟಿನವರು ದುರಸ್ತಿಗೆ ಮನಸ್ಸು ಮಾಡುವುದು ಮಳೆ ತಗ್ಗಿ ಪ್ರವಾಸಿಗರು ಬರುವ ಮುಂಚಿನ ಸೆಪ್ಟೆಂಬರ್‌ನಲ್ಲಿ.

ಹಾಗಾಗಿ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ ಬಂದವರು ಜನವರಿ, ಫೆಬ್ರವರಿಯನ್ನು ಪರವಾನಗಿ ಮತ್ತು ಐವತ್ತು ಹೆಸರುಗಳಿಗೆ ಇಟ್ಟುಕೊಂಡು, ಮಾರ್ಚ್‌ನಲ್ಲಿ ಎಂಟು ಜನರನ್ನು ಕೂಡಿಸಿ. ಏಪ್ರಿಲ್ ಕೊನೆಯ ವಾರ ಒಂದು ಸಂಜೆ, ದೋಣಿಗಳು ಮೀನು ಇಳಿಸಿ ಬಲೆ ತೊಳೆಯುವ ಹೊತ್ತಿಗೆ, ನಿಮ್ಮ ಕೂಟದಲ್ಲಿ ಬಂದರಿನ ಪರಿಚಯ ಇರುವವರನ್ನು ಜೊತೆಗೆ ಕರೆದುಕೊಂಡು ಬೈತಖೋಲಿಗೋ ತದಡಿಗೋ ಹೋಗಿ. ಮಾತು ಅವರೇ ಆರಂಭಿಸಲಿ. ನಿಮ್ಮ ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕ, ಪೆನ್ನು ಇರಲಿ.